ಮಂಜನಿಗೆ, ಕ್ಲಾರಾ ಬೋ ಸಾಕ್ಷಿಯಾಗಿ

ಲೋ ಮಂಜ,

ಫೋನ್ ಮಾಡಿದರೆ ಎತ್ತಲ್ಲ, ಮೆಸೇಜ್ ಹಾಕಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗ್ತೀಯ. ಅದಕ್ಕೇ ಊರೆಲ್ಲ ಓದೋ ಹಾಗೆ ಬರೀತಿದ್ದೀನಿ.

1927ರ ಹಾಲಿವುಡ್ ಸಿನಿಮಾ ‘ಇಟ್’ ನೋಡಿದೆ ಕಣೋ. ಮೂಕಿ ಚಿತ್ರ, ಆದರೆ ನಾಯಕಿ ಕ್ಲಾರಾ ಬೋ ಕಣ್ಣಲ್ಲೇ ವಟವಟ ಅಂತಾಳೆ. ಅವಳ ಪಾತ್ರ ದೊಡ್ಡ ಅಂಗಡಿಯ ಸೇಲ್ಸ್ ಹುಡುಗಿ ಬೆಟ್ಟಿ; ಕಣ್ಣು ಬಿದ್ದಿರೋದು ಮಾಲೀಕ ವಾಲ್ಥಮ್ ಮೇಲೆ. ರಿಟ್ಜ್ ಹೋಟೆಲ್ ಊಟಕ್ಕೆ ಒಳ್ಳೆ ಬಟ್ಟೆ ಇಲ್ಲ ಅಂತ ಕೆಲಸಕ್ಕೆ ಹಾಕೋ ಫ್ರಾಕಿಗೇ ಕತ್ತರಿ ಹಾಕ್ತಾಳೆ ನೋಡು, ಬಿದ್ದು ಬಿದ್ದು ನಕ್ಕೆ. ಆಮೇಲೆ ಸಾಹುಕಾರನನ್ನ ಕೋನಿ ಐಲೆಂಡ್ ಜಾತ್ರೆಗೆ ಎಳ್ಕೊಂಡು ಹೋಗಿ ಜಾರುಬಂಡೆ ಆಡಿಸ್ತಾಳೆ. ಬೋ ತಾನೇ ಬ್ರೂಕ್ಲಿನ್‌ನ ಕಡುಬಡತನದಲ್ಲಿ ಬೆಳೆದವಳು. ಸ್ಟಾರ್ ಆದಮೇಲೂ ಹಾಲಿವುಡ್‌ನ ದೊಡ್ಡೋರು ಅವಳನ್ನ ಪಂಕ್ತಿಗೆ ಸೇರಿಸಲಿಲ್ಲ.

ನಗು ನಿಂತಿದ್ದು ಮೋಲಿ ವಿಷಯಕ್ಕೆ. ಮೋಲಿ ಅಂದರೆ ಬೆಟ್ಟಿಯ ಜೊತೆ ಇರೋ ಕಾಯಿಲೆ ಗೆಳತಿ, ಕೈಲಿ ಕೂಸು. ಸಮಾಜಸೇವೆ ಮಾಡೋ ಹೆಂಗಸರು ಕೂಸನ್ನ ಕಿತ್ಕೊಂಡು ಹೋಗೋಕೆ ಬಂದಾಗ ಬೆಟ್ಟಿ ‘ಇದು ನಂದು’ ಅಂದುಬಿಡ್ತಾಳೆ. ಸುದ್ದಿ ವಾಲ್ಥಮ್ ಕಿವಿಗೆ ಬೀಳುತ್ತೆ. ಆಮೇಲೆ ಅವನು ವಜ್ರ ಕೊಡ್ತೀನಿ, ಬೇಕಾದ್ದೆಲ್ಲ ಕೊಡ್ತೀನಿ ಅಂತಾನೆ, ಮದುವೆ ಒಂದು ಬಿಟ್ಟು. ಬೆಟ್ಟಿ ಸಿಡಿದು ಕೆಲಸ ಬಿಡ್ತಾಳೆ, ಸೇಡು ತೀರಿಸ್ಕೋತಾಳೆ, ಕೊನೆಗೆ ಅವನನ್ನೇ ಪಡೀತಾಳೆ. ಸರಿ. ಆದರೆ ಅವಳ ಮೇಲಿನ ಕಳಂಕ ತೊಳೆದಿದ್ದು ಹೇಗೆ? ಕೂಸು ಅವಳದಲ್ಲ ಅಂತ. ಅಂದರೆ ಮೋಲಿಯದು. ಕೊನೇ ಭಾಗದಲ್ಲಿ ಎಲ್ಲರೂ ಹಡಗಲ್ಲಿದ್ದಾರೆ, ಮೋಲಿ ಇಲ್ಲ.

ನಮ್ಮಕ್ಕ ಗಂಡನ್ನ ಬಿಟ್ಟು ಬಂದಿದ್ದು ನಿನಗೆ ಗೊತ್ತಲ್ಲ. ಹುಡುಗಿ ಕಡೆಯವರು ನಮ್ಮನೆ ನೋಡೋಕೆ ಬಂದ ದಿನ ಅವಳಿಗೆ ಯಾರೂ ‘ಹೊರಗಿರು’ ಅನ್ನಲಿಲ್ಲ. ಬೆಳಿಗ್ಗೆ ಎದ್ದು ಉಪ್ಪಿಟ್ಟು, ಕೇಸರಿಬಾತ್ ಮಾಡಿಟ್ಟು, ಮಗು ಎತ್ಕೊಂಡು ಚಿಕ್ಕಮ್ಮನ ಮನೆಗೆ ಹೋದಳು. ನನಗೆ ನಿರಾಳ ಆಯ್ತು ಕಣೋ. ಬೇಜಾರಲ್ಲ, ನಿರಾಳ. ಕೇಸರಿಬಾತ್ ಯಾರ ಕೈರುಚಿ ಅಂತ ಅವರು ಕೇಳಿದಾಗ ಅಮ್ಮ ‘ನಂದೇ’ ಅಂದಳು. ನಾನು ಇನ್ನೊಂದು ಸಲ ಬಡಿಸ್ಕೊಂಡೆ. ಅಕ್ಕ ಇವತ್ತಿಗೂ ಆ ಮಾತೆತ್ತಿಲ್ಲ. ನಮ್ಮನೆಗೆ ಬಂದರೆ ಮಾತ್ರ ಚಪ್ಪಲಿ ಬಿಡೋ ಮುಂಚೆ ‘ಯಾರಾದ್ರೂ ಬಂದಿದ್ದಾರಾ’ ಅಂತ ಕೇಳ್ತಾಳೆ.

ಹಾಸ್ಯಚಿತ್ರದ ಬಗ್ಗೆ ನಾಲ್ಕು ಸಾಲು ಗೀಚೋಣ ಅಂತ ಕೂತವನು ನಾನು! ಇದನ್ನ ನನ್ನವಳು ಓದಿದರೆ ಇವತ್ತು ರಾತ್ರಿ ನಮ್ಮನೇಲೂ ಮೂಕಿ ಚಿತ್ರವೇ, ಹಿನ್ನೆಲೆ ಪಿಯಾನೋನೂ ಇರಲ್ಲ.

ನಿನ್ನ,
ಅದೇ ಮುಂಡೇದು