ಮೈಕ್ರೋಫೈನಾನ್ಸ್ ಬಡ್ಡಿಗೆ ಮತ್ತೆ ಮಿತಿ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆ ಮಂಡಕ್ಕಿ ಭಟ್ಟಿ ಕಡೆಯವನು. ನಮ್ ಪಕ್ಕದ ಮನೆ ಅಕ್ಕ ಬೆಳಗಿಂದ ಸಂಜೆ ತನಕ ಭಟ್ಟಿ ಹೊಗೇಲಿ ಮಂಡಕ್ಕಿ ಜರಡಿ ಹಿಡಿಯೋರು. ಮಗಳ ಮದುವೆಗೆ ಅಂತ ಒಂದು ಮೈಕ್ರೋಫೈನಾನ್ಸ್ ಕಂಪನಿ, ಅಂದ್ರೆ ಅಡವಿಲ್ದೆ ಬಡವರಿಗೆ ಸಣ್ಣ ಸಾಲ ಕೊಡೋ ಕಂಪನಿ ಹತ್ರ ಗುಂಪು ಸಾಲ ತಗೊಂಡ್ರು, ಇದ್ರಲ್ಲಿ ಒಬ್ರು ಕಟ್ಟದಿದ್ರೆ ಗುಂಪಿನೋರೆಲ್ಲ ಹೊಣೆ. ಆ ಕಂತು ಕಟ್ಟೋಕೆ ಇನ್ನೊಂದು ಕಡೆ, ಅದಕ್ಕೆ ಮತ್ತೊಂದು ಕಡೆ ತಗೊಂಡ್ರು, ಈಗ ವಾರಕ್ಕೆ ಮೂರು ಕಂತು. ಹೋದ ತಿಂಗಳು ಒಂದಿನ 300 ರೂಪಾಯಿ ಕಮ್ಮಿ ಬಿತ್ತು ಅಷ್ಟೇ, ಕಲೆಕ್ಷನ್ ಹುಡುಗ ರಾತ್ರಿ ಒಂಬತ್ತಾದ್ರೂ ಕಟ್ಟೆ ಬಿಟ್ಟು ಏಳಲಿಲ್ಲ, ಗುಂಪಿನ ಉಳಿದ ಹೆಂಗಸ್ರನ್ನೂ ಕರೆಸಿ ಕೂರಿಸ್ದ, ಜೊತೆಗೆ ಕೆಲಸ ಮಾಡೋರೇ ಅಕ್ಕನ್ನ ಬೈಯೋ ಹಂಗಾಯ್ತು. ಕೊನೆಗೆ ಅಕ್ಕ ಒಳಗೆ ಹೋಗಿ ಮೂಗುತಿ ಬಿಚ್ಕೊಂಡು ಬಂದ್ರು. ಓಣಿ ಹುಡುಗರು ಅವನ ಬೈಕಿಗೆ ಬೆಂಕಿ ಇಡ್ತೀವಿ ಅಂತ ಎದ್ದಿದ್ರು, ಹಿರಿಯರು ತಡೆದಿದ್ದಕ್ಕೆ ನಿಂತ್ರು.

2010ರಲ್ಲಿ ಆಂಧ್ರದಲ್ಲಿ ಇದೇ ಸಾಲದ ಕಾಟಕ್ಕೆ ಜನ ಜೀವ ಕಳ್ಕೊಂಡ ಮೇಲೆ ರಿಸರ್ವ್ ಬ್ಯಾಂಕ್ ಬಡ್ಡಿಗೆ ಮಿತಿ ಹಾಕಿತ್ತು. 2022ರ ಏಪ್ರಿಲ್‌ನಿಂದ ಆ ಮಿತಿ ತೆಗೆದು, ಬಡ್ಡಿ ಎಷ್ಟು ಅನ್ನೋದನ್ನ ಕಂಪನಿಗಳಿಗೇ ಬಿಟ್ರು, ಪೈಪೋಟಿ ಬಂದ್ರೆ ತಾನೇ ಇಳಿಯುತ್ತೆ ಅನ್ನೋ ಲೆಕ್ಕ. ಕಂತು ಮನೆ ಆದಾಯದ ಅರ್ಧ ದಾಟಬಾರದು ಅಂತ ರೂಲ್ಸ್ ಏನೋ ಐತೆ, ಆದ್ರೆ ಅಕ್ಕನ ಆದಾಯ ಇಷ್ಟು ಅಂತ ಫಾರ್ಮಲ್ಲಿ ಬರ್ಕೊಂಡಿದ್ದು ಸಾಲ ಕೊಡೋಕೆ ಬಂದೋನೇ! ಮೂರೇ ವರ್ಷಕ್ಕೆ, 2025ರ ಫೆಬ್ರವರಿಲಿ, ನಮ್ ರಾಜ್ಯ ಸರ್ಕಾರ ಕಿರುಕುಳ ಕೊಟ್ರೆ 10 ವರ್ಷದ ತನಕ ಜೈಲು ಅಂತ ಸುಗ್ರೀವಾಜ್ಞೆ ತರಬೇಕಾಯ್ತು. ಒಳ್ಳೇದೇ, ಆದ್ರೆ ಅದು ವಸೂಲಿ ಮಾಡೋನ ಮೇಲೆ, ಬಡ್ಡಿ ಹಂಗೇ ಐತೆ. ಬಂಗಲೆ ಕಟ್ಟೋರಿಗೆ ಹತ್ತು ಪರ್ಸೆಂಟಿನೊಳಗೆ ಸಾಲ ಸಿಗುತ್ತೆ, ಅಕ್ಕನಿಗೆ 24. ಕಾಟನ್ ಮಿಲ್ಲುಗಳು ನಡೀತಿದ್ದಾಗ ಇಲ್ಲಿ ತಿಂಗಳ ಸಂಬಳ, ಪಿಎಫ್ ಅಂತಾದ್ರೂ ಇತ್ತು, ಈಗ ದಿನಗೂಲಿ ನಂಬ್ಕೊಂಡು ವಾರದ ಕಂತು ಕಟ್ಬೇಕು.

ಇದು ಹೆಂಗಸರ ಗುಂಪಿನ ಜಗಳ ಅಂತ ದೊಡ್ಡೋರು ಸುಮ್ನಿದ್ದಾರೆ. 1997ರಲ್ಲಿ ಅಲ್ಬೇನಿಯಾ ಅನ್ನೋ ಪುಟ್ಟ ದೇಶದಲ್ಲಿ ಹೇಳೋರು ಕೇಳೋರು ಇಲ್ದೆ ಬೆಳೆದ ಚೈನ್ ಸ್ಕೀಮ್ ಕಂಪನಿಗಳು ಮುಳುಗಿದ್ವು, ಮನೆ ದನ ಮಾರಿ ದುಡ್ಡು ಹಾಕಿದ್ದ ಜನ ಬೀದಿಗಿಳಿದು ಸೈನ್ಯದ ಬಂದೂಕನ್ನೇ ಲೂಟಿ ಮಾಡಿದ್ರು, ಸುಮಾರು 2000 ಜನ ಸತ್ರು, ಅವಧಿಗೆ ಮುಂಚೆನೇ ಎಲೆಕ್ಷನ್ ಆಗಿ ಸರ್ಕಾರ ಹೋಯ್ತು. ಅಲ್ಲಿ ಠೇವಣಿ, ಇಲ್ಲಿ ಸಾಲ, ಆದ್ರೆ ನಮ್ಮನ್ನ ಕಾಯೋರು ಯಾರೂ ಇಲ್ಲ ಅನ್ನೋ ಸಿಟ್ಟು ಒಂದೇ. ಆ ಸಿಟ್ಟನ್ನ ಅವತ್ತು ರಾತ್ರಿ ನಮ್ ಓಣೀಲಿ ಕಣ್ಣಾರೆ ನೋಡ್ದೆ.

ನಮ್ ಭಾಗದ ಸಂಸದರು ಬಡ್ಡಿ ಮಿತಿ ವಾಪಸ್ ತನ್ನಿ ಅಂತ ಲೋಕಸಭೆಲಿ ಕೇಳ್ಬೇಕು. ಅಕ್ಕನಿಗೆ ಇನ್ನೂ 40 ವಾರ ಕಂತು ಬಾಕಿ ಐತೆ.

ಒಬ್ಬ ಓದುಗ, ದಾವಣಗೆರೆ