ಪಕ್ಕೆಲುಬಿಗೆ ಬೇಕು ಹದವಾದ ಕಾವು

ಮಾನ್ಯ ಸಂಪಾದಕರೇ,

ಮನೆಯಲ್ಲಿ ಬಾರ್ಬೆಕ್ಯೂ ಮಾಡುವ ಹಲವರು ಹಂದಿಯ ಪಕ್ಕೆಲುಬನ್ನು ನಿಗಿನಿಗಿ ಕೆಂಡದ ಮೇಲೆ ನೇರವಾಗಿ ಇಟ್ಟು, ಅದು ಹೊರಗೆ ಸೀದು ಒಳಗೆ ಗಟ್ಟಿಯಾಗಿಯೇ ಉಳಿದಾಗ ಮಾಂಸವನ್ನೇ ದೂರುತ್ತಾರೆ. ದೋಷವಿರುವುದು ಆತುರದಲ್ಲಿ.

ಹಂದಿಮಾಂಸದ ತುಂಡುಗಳು 63 ಡಿಗ್ರಿ ಸೆಲ್ಸಿಯಸ್ ತಲುಪಿ ಮೂರು ನಿಮಿಷ ಕಳೆದರೆ ತಿನ್ನಲು ಸುರಕ್ಷಿತವೆನ್ನುವುದು ನಿಜವಾದರೂ, ಪಕ್ಕೆಲುಬಿನ ಎಳೆಗಳನ್ನು ಬಿಗಿದಿಟ್ಟಿರುವ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನ್ ಕರಗಿ ಮೆದುವಾಗಬೇಕಾದರೆ ಒಳಗಿನ ಉಷ್ಣತೆ 90 ಡಿಗ್ರಿಯ ಆಸುಪಾಸಿಗೆ ನಿಧಾನವಾಗಿ ಏರಬೇಕು. ಆದ್ದರಿಂದ ಕೆಂಡವನ್ನು ಒಂದು ಬದಿಗೆ ಸರಿಸಿ, ಮಾಂಸವನ್ನು ಇನ್ನೊಂದು ಬದಿಯಲ್ಲಿಟ್ಟು, ಮುಚ್ಚಳ ಹಾಕಿ, ಸುಮಾರು 120 ಡಿಗ್ರಿಯ ಕಾವಿನಲ್ಲಿ ನಾಲ್ಕೈದು ಗಂಟೆ ಬೇಯಿಸುವುದೇ ಸರಿಯಾದ ಕ್ರಮ. ಪದೇ ಪದೇ ಮುಚ್ಚಳ ತೆರೆದರೆ ಕಾವು ಸೋರಿಹೋಗುತ್ತದೆ.

ಮೊದಲೇ ಮೂಳೆಯ ಬದಿಯ ತೆಳುಪೊರೆಯನ್ನು ತೆಗೆಯಬೇಕು. ಅದರ ಅಂಚನ್ನು ಚಮಚದ ಹಿಡಿಯಿಂದ ಎಬ್ಬಿಸಿ, ಜಾರದಂತೆ ಒಣಬಟ್ಟೆಯಲ್ಲಿ ಹಿಡಿದೆಳೆದರೆ ಸಲೀಸಾಗಿ ಸುಲಿದು ಬರುತ್ತದೆ. ಸಕ್ಕರೆ ಬೆರೆತ ಸಾಸ್ ಬೇಗ ಕರಟುವುದರಿಂದ ಅದನ್ನು ಕೊನೆಯ ಅರ್ಧ ಗಂಟೆಯಲ್ಲಷ್ಟೇ ಸವರುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾಗಿ, ಮಳೆ ಬಂತೆಂದು ಇದ್ದಿಲಿನ ಒಲೆಯನ್ನು ಯಾರೂ ಮನೆಯೊಳಗೆ ತರಬಾರದು. ಅದು ಹೊಮ್ಮಿಸುವ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಕಿಟಕಿ ತೆರೆದಿಟ್ಟರೂ ಜೀವಕ್ಕೆ ಅಪಾಯ ತಪ್ಪಿದ್ದಲ್ಲ. ಪಾಕಪುಟಗಳಲ್ಲಿ ಬಾರ್ಬೆಕ್ಯೂ ವಿಧಾನ ಪ್ರಕಟಿಸುವಾಗಲೆಲ್ಲ ಈ ಎಚ್ಚರಿಕೆಯನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ