ರೂಮ್‌ಮೇಟ್ ಅಂತ ಬರೆಸಬೇಡ ಕಣೋ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನಂದ ಮಾತು ಇನ್ನೂ ಮನಸ್ಸಿನಲ್ಲೇ ಇದೆ. 'ಜನಗಣತಿಯವರು ಬಂದರೆ ರೂಮ್‌ಮೇಟ್ ಅಂತ ಬರೆಸಿಬಿಡ್ತೀವಿ, ಸುಮ್ನೆ ಯಾಕೆ ರಗಳೆ' ಅಂದೆ. ಹನ್ನೊಂದು ವರ್ಷದಿಂದ ನೀನೂ ನಿನ್ನ ಸಂಗಾತಿಯೂ ಒಂದೇ ಮನೆಯಲ್ಲಿದ್ದೀರಿ. ಅವನಿಗೆ ಜ್ವರ ಬಂದರೆ ರಾತ್ರಿಯಿಡೀ ಕೂರುವವನು ನೀನು. ಅದನ್ನು ರೂಮ್‌ಮೇಟ್ ಅಂತಾರಾ? ನನಗೆ ಸಂಕಟವಾಯಿತು.

1990ರ ಅಮೆರಿಕದ ಗಣತಿಯ ಕಥೆ ಕೇಳು. ಇಬ್ಬರು ಗಂಡಸರು 'ನಾವು ದಂಪತಿ' ಅಂತ ಬರೆದರೆ, ಎಲ್ಲೋ ತಪ್ಪಾಗಿದೆ ಅಂದುಕೊಂಡು ಸಾಮಾನ್ಯವಾಗಿ ಒಬ್ಬರ ಲಿಂಗವನ್ನೇ ಬದಲಿಸಿಬಿಡುತ್ತಿದ್ದರು. ಲೆಕ್ಕದಲ್ಲಿ ಒಬ್ಬ ಗಂಡಸು ಹೆಂಗಸಾಗುತ್ತಿದ್ದ! 2000ದಲ್ಲಿ ಲಿಂಗವನ್ನು ಮುಟ್ಟಲಿಲ್ಲ, ಆದರೆ 'ದಂಪತಿ' ಹೋಗಿ 'ಮದುವೆಯಾಗದ ಸಂಗಾತಿ' ಆಯಿತು. 2020ರ ಫಾರಂನಲ್ಲಿ ಸಲಿಂಗ ದಂಪತಿಗೆ ಬೇರೆಯೇ ಚೌಕ ಬಂತು. ಅಷ್ಟು ವರ್ಷವೂ ಜನ ಬರೆಯುವುದನ್ನು ಬಿಟ್ಟಿರಲಿಲ್ಲ. ಕೆನಡಾದಲ್ಲಿ 2001ರಲ್ಲಿ ಮೊದಲ ಸಲ ಎಣಿಸಿದಾಗ 34,200 ಸಲಿಂಗ ಜೋಡಿಗಳು ಸಿಕ್ಕವು, 2006ರಲ್ಲಿ 45,345. ಐದೇ ವರ್ಷದಲ್ಲಿ ಅಷ್ಟೂ ಜೋಡಿಗಳು ಹೊಸದಾಗಿ ಹುಟ್ಟಿದವು ಅಂತ ನನಗನ್ನಿಸುವುದಿಲ್ಲ. ಹೇಳಿಕೊಳ್ಳುವ ಧೈರ್ಯವೂ ಜಾಸ್ತಿಯಾಗಿರಬೇಕು.

'ಎಣಿಸಿದರೆ ಏನು ಸಿಗುತ್ತೆ' ಅಂತ ಕೇಳಿದೆಯಲ್ಲ. 2013ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮನ್ನು ಉಳಿಸಿದಾಗ, ನಮ್ಮಂಥವರು ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಅಂತ ತೀರ್ಪಿನಲ್ಲೇ ಬರೆಯಿತು. 2018ರಲ್ಲಿ ಆ ತೀರ್ಪು ಬಿದ್ದುಹೋಯಿತು, ನಿಜ. ಹಕ್ಕಿಗೆ ತಲೆ ಎಣಿಸಬಾರದು, ಅದೂ ನಿಜ. ಆದರೆ ಪಿಂಚಣಿ, ಆಸ್ತಿ, ಆಸ್ಪತ್ರೆಯಲ್ಲಿ ಸಹಿ ಹಾಕುವ ಅಧಿಕಾರ, ಯಾವುದನ್ನು ಕೇಳಲು ಹೋದರೂ 'ನೀವಿರೋದೇ ಎಷ್ಟು ಜನ' ಅನ್ನುತ್ತಾರೆ. ನೀವಿಬ್ಬರೂ ರೂಮ್‌ಮೇಟ್ ಆದರೆ ಆ ಉತ್ತರದಲ್ಲಿ ಒಂದು ಜೋಡಿ ಕಡಿಮೆ.

ಬರೆಸಿದರೆ ತೊಂದರೆಯಾದೀತು ಅನ್ನೋ ನಿನ್ನ ಭಯ ನನಗೆ ಅರ್ಥವಾಗುತ್ತೆ. ನಾಜಿಗಳು ಯಹೂದಿಗಳನ್ನು ಹುಡುಕಲು ಹೆಸರಿದ್ದ ದಾಖಲೆಗಳನ್ನೇ ಬಳಸಿದರು. ಅದಕ್ಕೇ 1943ರ ಮಾರ್ಚ್‌ನಲ್ಲಿ, ನಾಜಿಗಳ ಹಿಡಿತದಲ್ಲಿದ್ದ ಆಮ್‌ಸ್ಟರ್‌ಡ್ಯಾಮ್‌ನ ಜನಸಂಖ್ಯಾ ದಾಖಲೆ ಕಚೇರಿಗೆ ಒಂದು ಗುಂಪು ಬೆಂಕಿ ಹಚ್ಚಿತು. ಮುಂದೆ ನಿಂತವರಲ್ಲಿ ಒಬ್ಬ ವಿಲ್ಲೆಮ್ ಅರೊಂಡೇಯಸ್, ನಮ್ಮವನೇ. ಜುಲೈನಲ್ಲಿ ನಾಜಿಗಳು ಅವನನ್ನು ಕೊಂದರು. ಸಲಿಂಗಿಗಳು ಹೇಡಿಗಳಲ್ಲ ಅಂತ ಜನಕ್ಕೆ ತಿಳಿಸಿ ಎಂದು ಸಾಯುವ ಮುಂಚೆ ಹೇಳಿಕಳಿಸಿದ್ದ. ಇದನ್ನು ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ.

ಹಾಗಾಗಿ ಏನೂ ಆಗಲ್ಲ ಬರೆಸು ಅಂತ ಎಲ್ಲರಿಗೂ ನಾನು ಹೇಳಲಾರೆ. ಕಾನೂನೇ ನಮ್ಮನ್ನು ಅಪರಾಧಿ ಅನ್ನುವ ದೇಶಗಳಲ್ಲಿ ಮೊದಲು ಜೀವ ಮುಖ್ಯ. ಆದರೆ ಎಷ್ಟೋ ದೇಶಗಳಲ್ಲಿ ಗಣತಿಯ ಫಾರಂ ಗುಟ್ಟಾಗಿರಬೇಕು ಅಂತ ಕಾನೂನೇ ಇದೆ. ಅಮೆರಿಕದಲ್ಲಿ 72 ವರ್ಷ, ಬ್ರಿಟನ್ನಿನಲ್ಲಿ 100 ವರ್ಷ ಹೆಸರು ಹೊರಬರುವುದಿಲ್ಲ. ಹೊರಗೆ ಬರುವುದು ಅಂಕಿ ಮಾತ್ರ. ನಿನಗಿರುವುದು ಪಕ್ಕದ ಮನೆಯವರಿಗೆ ಕೇಳಿಸೀತು ಅನ್ನೋ ಅಳುಕು ಅಲ್ವಾ? ಆನ್‌ಲೈನಿನಲ್ಲಿ ತುಂಬಲು ಅವಕಾಶವಿದ್ದರೆ ನೀವೇ ತುಂಬಿ. ಗಣತಿದಾರರು ಬಂದರೆ ಒಳಗೆ ಕೂರಿಸಿ ಮಾತಾಡಿ. 'ಸಂಬಂಧ' ಅನ್ನೋ ಕಾಲಂನಲ್ಲಿ ಅವರು ಏನು ಬರೆದುಕೊಂಡರು ಅಂತ ನೋಡದೆ ಕಳಿಸಬೇಡಿ.

ಒಂದು ಮಾತು. ಅವನನ್ನೂ ಕೇಳು. ಅವನು ಬೇಡ ಅಂದರೆ ಒತ್ತಾಯ ಮಾಡಬೇಡ, ಬರೆಸುವುದು ಇಬ್ಬರ ಬದುಕನ್ನು. ನಾವಂತೂ 'ಸಂಗಾತಿ' ಅಂತಲೇ ಬರೆಸುತ್ತೇವೆ. ಇಬ್ಬರೂ ಕೂತು ಮಾತಾಡಿದ ಮೇಲೆ ನನಗೊಂದು ಫೋನ್ ಮಾಡು.

ನಿನ್ನ ಗೆಳೆಯ